ಮೊದಲ ಚಿತ್ರ ಕೊಳ್ಳೋದು ಹೇಗೆ: ನೋಡೋದ್ರಿಂದ ಹಿಡಿದು ಕಟ್ಟು ಹಾಕ್ಸೋವರೆಗೆ

ಹೊಸ ಮನೆಗೆ ಹೋದ ತಕ್ಷಣ ಹಾಲ್ ಗೋಡೆ ಖಾಲಿ ಕಾಣುತ್ತೆ ಅಂತ ಫರ್ನಿಚರ್ ಅಂಗಡಿಯಿಂದ ಓಡೋ ಏಳು ಕುದುರೆ ಪ್ರಿಂಟ್ ತಂದು ಹಾಕೋರು ತುಂಬಾ ಜನ. ಅದೇ ದುಡ್ಡಿಗೆ, ಕೆಲವು ಸಲ ಅದಕ್ಕಿಂತ ಕಮ್ಮಿಗೆ, ನಮ್ಮ ಊರಲ್ಲೇ ಇವತ್ತು ಕೆಲಸ ಮಾಡ್ತಿರೋ ಕಲಾವಿದರ ಕೈಯಿಂದಲೇ ಬಂದ ಒರಿಜಿನಲ್ ಸಿಗುತ್ತೆ ಅನ್ನೋದು ಬಹಳಷ್ಟು ಜನಕ್ಕೆ ಗೊತ್ತೇ ಇರಲ್ಲ. ಗೊತ್ತಿದ್ರೂ ಗ್ಯಾಲರಿ ಒಳಗೆ ಕಾಲಿಡೋಕೆ ಒಂಥರಾ ಮುಜುಗರ, ಅಲ್ಲಿ ನಮ್ಮಂಥೋರಿಗೇನು ಕೆಲಸ ಅಂತ. ಆ ಮುಜುಗರ ಬಿಟ್ಟು ಮೊದಲನೇ ಚಿತ್ರ ಮನೆಗೆ ತರೋವರೆಗೆ ಏನೇನ್ ಮಾಡ್ಬೇಕು ಅಂತ ಇಲ್ಲಿ ಬರೀತಿದ್ದೀನಿ. ಉದಾಹರಣೆ ಎಲ್ಲ ಬೆಂಗಳೂರು ಮತ್ತೆ ಕರ್ನಾಟಕದ್ದೇ, ಯಾಕಂದ್ರೆ ನಾನು ನೋಡಿರೋದು ಹೆಚ್ಚಾಗಿ ಇದನ್ನೇ, ಮತ್ತೆ ನಮ್ಮ ಕಲಾವಿದರ ಕೆಲಸ ನಮ್ಮ ಮನೆಗಳಲ್ಲೇ ಇರಬೇಕು ಅನ್ನೋದು ನನ್ನ ಆಸೆ.

ಮೊದಲು ಒಂದಷ್ಟು ತಿಂಗಳು ಏನೂ ಕೊಳ್ಳಬೇಡಿ, ಬರೀ ನೋಡಿ. ಪ್ಯಾಲೇಸ್ ರೋಡ್‌ನ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, 2009ರಲ್ಲಿ ಶುರುವಾಗಿದ್ದು, ಸೋಮವಾರ ರಜೆ, ಮಿಕ್ಕ ದಿನ ಮರದ ನೆರಳಲ್ಲಿ ಕೂತು ಇಡೀ ಮಧ್ಯಾಹ್ನ ಕಳೀಬಹುದು. ಕಸ್ತೂರಬಾ ರೋಡಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ಜಲವರ್ಣ ಚಿತ್ರಗಳು ಆ ಸಂಗ್ರಹದಲ್ಲಿವೆ, ಮಂಜು ಕವಿದ ಬೆಟ್ಟಾನ ನೀರು ಬಣ್ಣದಲ್ಲಿ ಅಷ್ಟು ನಿಖರವಾಗಿ ಹಿಡಿದಿರೋದನ್ನ ಒಂದ್ಸಲ ಹತ್ತಿರದಿಂದ ನೋಡಿ. ಅದೇ ಗ್ಯಾಲರೀನ ಖಾಸಗಿ ಪ್ರತಿಷ್ಠಾನಕ್ಕೆ ವಹಿಸೋ ಯೋಜನೆ ಬಂದಾಗ 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದ್ರು, ಕಮ್ಮಿ ಬಾಡಿಗೆಗೆ ಹೊಸ ಹುಡುಗರು ಪ್ರದರ್ಶನ ಮಾಡೋ ಜಾಗ ಅದು ಅನ್ನೋದು ಅವರ ಕಾಳಜಿ. ಅದೇ ರೋಡಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ, ಎಲ್ಲರೂ ಮ್ಯಾಪ್ ಅಂತಾರೆ. ಕುಮಾರಕೃಪಾ ರೋಡಲ್ಲಿ ಚಿತ್ರಕಲಾ ಪರಿಷತ್ತು. ಮಾರಾಟದ ಗ್ಯಾಲರಿ ನೋಡ್ಬೇಕು ಅಂದ್ರೆ ವಿಲ್ಸನ್ ಗಾರ್ಡನ್‌ನ ಸುಮುಖ. ಇವೆಲ್ಲಕ್ಕಿಂತ ಬೇರೆ ಥರ ಬೇಕು ಅಂದ್ರೆ ಶಾಂತಿನಗರದಲ್ಲಿ ಸುರೇಶ್ ಜಯರಾಮ್ ನಡೆಸೋ ಒನ್ ಶಾಂತಿ ರೋಡ್, ಮನೇನೂ ಹೌದು, ಸ್ಟುಡಿಯೋನೂ ಹೌದು, ಗ್ಯಾಲರೀನೂ ಹೌದು. ಅಲ್ಲಿ ಕಲಾವಿದರು ಪಕ್ಕದಲ್ಲೇ ಟೀ ಕುಡೀತಾ ನಿಂತಿರ್ತಾರೆ, ಮಾತಾಡ್ಸೋದು ಸುಲಭ.

ನೋಡೋದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ. ಒಂದು ಪ್ರದರ್ಶನದಲ್ಲಿ ನಲವತ್ತು ಕೆಲಸ ಇದ್ರೆ ನಲವತ್ತನ್ನೂ ನೋಡೋಕೆ ಹೋಗ್ಬೇಡಿ. ಒಂದು ಸುತ್ತು ಹೊಡೀರಿ, ಕಾಲು ತಾನಾಗೇ ಎಲ್ಲಿ ನಿಲ್ಲುತ್ತೋ ಅಲ್ಲಿಗೆ ವಾಪಸ್ ಬನ್ನಿ, ಎರಡೋ ಮೂರೋ ಕೆಲಸದ ಮುಂದೆ ಹತ್ತು ಹತ್ತು ನಿಮಿಷ ನಿಲ್ಲಿ. ಆಮೇಲೆ ಪಕ್ಕದ ಚೀಟಿ ಓದಿ, ಅದರಲ್ಲೂ ಗೋಡೆ ಮೇಲಿನ ಉದ್ದದ ಇಂಗ್ಲಿಷ್ ಟಿಪ್ಪಣಿಗಿಂತ ಮೊದಲು ಅದು ಯಾವುದರಿಂದ ಮಾಡಿದ್ದು ಅನ್ನೋ ಒಂದು ಸಾಲು ಓದಿ. ಇವತ್ತಿನ ಕಲೇಲಿ ಅರ್ಧ ವಿಷಯ ಆ ಸಾಲಲ್ಲೇ ಇರುತ್ತೆ.

ಶೀಲಾ ಗೌಡ ಅವರ ಕೆಲಸಾನೇ ತಗೊಳ್ಳಿ. ಭದ್ರಾವತೀಲಿ ಹುಟ್ಟಿದೋರು, ಬೆಂಗಳೂರಲ್ಲೇ ಇದ್ದು ಕೆಲಸ ಮಾಡ್ತಾರೆ. 2009ರ ವೆನಿಸ್ ಬಿಯೆನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನಕ್ಕೆ ಬಿಯೆನಾಲೆ ಅಂತಾರೆ) ಅವರು ತೋರಿಸಿದ ಒಂದು ಕೆಲಸದಲ್ಲಿ ಕಾರಿನ ಸ್ಟೀಲ್ ಬಂಪರ್‌ಗಳು ಕಪ್ಪು ಹಗ್ಗದಲ್ಲಿ ನೇತಾಡ್ತಿರ್ತವೆ, ಆ ಹಗ್ಗ ಮನುಷ್ಯರ ಕೂದಲಿಂದ ಹೆಣೆದಿದ್ದು, ಉದ್ದ ಕಿಲೋಮೀಟರ್‌ಗಟ್ಟಲೆ. ವಿದೇಶದೋರಿಗೆ ಅದು ವಿಚಿತ್ರ ಅನ್ನಿಸ್ಬಹುದು, ಆದ್ರೆ ನಮಗೆ ದೃಷ್ಟಿ ತಾಗದಿರಲಿ ಅಂತ ಲಾರಿ, ಕಾರಿನ ಬಂಪರ್‌ಗೆ ಕೂದಲಿನ ಹಗ್ಗ ಕಟ್ಟೋದು ದಿನಾ ಕಣ್ಣಿಗೆ ಬೀಳೋ ವಿಷಯ. ಅಷ್ಟು ಭಾರದ ಲೋಹಾನ ದೇವರಿಗೆ ಮುಡಿ ಕೊಟ್ಟ ಕೂದಲು ಎತ್ತಿ ಹಿಡಿದಿದೆ ಅನ್ನೋದು ಹೊಳೆದ ಮೇಲೆ ಯಾರೂ ವಿವರಿಸಿ ಹೇಳೋದು ಬೇಕಾಗಲ್ಲ. ಅವರದ್ದೇ ಇನ್ನೊಂದು ಕೆಲಸದಲ್ಲಿ ನೂರಾರು ಅಡಿ ದಾರಾನ ಸೂಜಿ ಕಣ್ಣಲ್ಲಿ ಪೋಣಿಸಿ, ಕುಂಕುಮ ಮತ್ತೆ ಅಂಟು ಹಚ್ಚಿ ಹಗ್ಗ ಮಾಡಿ ಕೋಣೆ ತುಂಬ ಇಳಿಬಿಟ್ಟಿದ್ದಾರೆ, ತುದೀಲಿ ಸೂಜಿಗಳ ಗೊಂಚಲು. ದೂರದಿಂದ ಅದೊಂದು ಕೆಂಪು ಗೆರೆ. ಹತ್ತಿರ ಹೋದ್ರೆ ಒಳಗಿನ ಅಂಗಾಂಗದ ಥರ ಕಾಣುತ್ತೆ, ಇನ್ನೂ ಹತ್ತಿರ ಹೋದ್ರೆ ಸೂಜಿ ಮೊನೆ ಚುಚ್ಚೋ ಹಾಗಿರುತ್ತೆ. ಮೂರು ದೂರದಲ್ಲಿ ನಿಂತು ಮೂರು ಸಲ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಸಣ್ಣ ಪೇಂಟಿಂಗ್‌ಗೂ ಇದು ಕೆಲಸಕ್ಕೆ ಬರುತ್ತೆ.

2012ರಲ್ಲಿ ಮೊದಲನೇ ಕೊಚ್ಚಿ ಮುಝಿರಿಸ್ ಬಿಯೆನಾಲೆಗೆ ಅವರು ಮತ್ತೆ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಸೇರಿ ಬೆಂಗಳೂರಿನ ಬೀದೀಲಿ ಬಿದ್ದಿದ್ದ ನೂರಕ್ಕೂ ಹೆಚ್ಚು ಒರಳುಕಲ್ಲು ಒಯ್ದು ಇಟ್ಟಿದ್ರು. ಮಿಕ್ಸಿ, ಗ್ರೈಂಡರ್ ಬಂದ್ಮೇಲೆ, ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಒಡೆಯೋಕೂ ಮನಸ್ಸು ಬಾರದೆ ಇಟ್ಟುಕೊಳ್ಳೋಕೂ ಜಾಗ ಇಲ್ಲದೆ ಜನ ಫುಟ್‌ಪಾತ್ ಪಕ್ಕ ಬಿಟ್ಟುಬಂದ ಕಲ್ಲುಗಳು ಅವು. ಇಂಥ ಕೆಲಸಾನ ನೀವು ನಾನು ಮನೆಗೆ ತರೋಕಾಗಲ್ಲ, ತರಬೇಕಾಗೂ ಇಲ್ಲ. ಕೊಚ್ಚಿ ಬಿಯೆನಾಲೆ ನಡೆಯೋವಾಗ ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿದ್ರೆ ಬೆಳಿಗ್ಗೆ ಅಲ್ಲಿರ್ತೀರ, ಎರಡು ದಿನ ಇಟ್ಕೊಂಡು ಹೋಗಿ. ಕೊಳ್ಳೋಕಾಗದ ಕಲೇನ ನೋಡಿದಷ್ಟೂ ಕೊಳ್ಳೋ ಕಲೇಲಿ ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ಗೊತ್ತಾಗುತ್ತೆ, ಇದು ನನ್ನ ಗಟ್ಟಿ ನಂಬಿಕೆ.

ಗ್ಯಾಲರಿ ಒಳಗಿನ ರೀತಿ ರಿವಾಜು ಏನೂ ಕಷ್ಟದ್ದಲ್ಲ. ಹೆಚ್ಚಿನ ಕಡೆ ಒಳಗೆ ಹೋಗೋಕೆ ದುಡ್ಡಿಲ್ಲ, ನೀವು ಕೊಳ್ಳೋರೋ ಅಲ್ವೋ ಅಂತ ಯಾರೂ ಕೇಳಲ್ಲ. ಟೇಬಲ್ ಹತ್ರ ಹೋಗಿ ಪ್ರೈಸ್ ಲಿಸ್ಟ್ ಕೊಡ್ತೀರಾ ಅಂತ ಕೇಳಿ, ಅದನ್ನ ಕೇಳೋದ್ರಲ್ಲಿ ಸಂಕೋಚ ಬೇಡ. ಚೀಟಿ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ರೆ ಮಾರಾಟ ಆಗಿದೆ ಅಂತ. ಕಲಾವಿದರು ಸಿಕ್ರೆ ಇದರ ಅರ್ಥ ಏನು ಅಂತ ಶುರು ಮಾಡ್ಬೇಡಿ, ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವರಿಗೂ ಸಾಕಾಗಿರುತ್ತೆ. ಇದನ್ನ ಹೇಗೆ ಮಾಡಿದ್ರಿ, ಎಷ್ಟು ದಿನ ಹಿಡೀತು, ಇದಕ್ಕೆ ಮುಂಚೆ ಏನು ಮಾಡ್ತಿದ್ರಿ ಅಂತ ಕೇಳಿ ನೋಡಿ, ಮಾತು ಬಿಚ್ಕೊಳ್ಳುತ್ತೆ. ಓಪನಿಂಗ್ ದಿನ ಜನ ಜಾಸ್ತಿ, ಚಿತ್ರ ಕಾಣಲ್ಲ. ಅವತ್ತು ಪರಿಚಯ ಮಾಡ್ಕೊಂಡು, ನೋಡೋಕೆ ಇನ್ನೊಂದು ದಿನ ಹೋಗಿ.

ಸರಿ, ಈಗ ದುಡ್ಡು ಕೈಯಲ್ಲಿ ಹಿಡ್ಕೊಂಡು ಹೊರಟಿದ್ದೀರಿ ಅನ್ಕೊಳ್ಳೋಣ. ನನ್ನ ಸಲಹೆ ಒಂದೇ, ಮೊದಲನೇದು ಕಾಗದದ ಮೇಲಿನ ಕೆಲಸ ಆಗಿರ್ಲಿ, ಅಂದ್ರೆ ಡ್ರಾಯಿಂಗ್, ಜಲವರ್ಣ, ಅಥವಾ ಪ್ರಿಂಟ್. ಕ್ಯಾನ್ವಾಸ್‌ಗೆ ಹೋಲಿಸಿದ್ರೆ ಬೆಲೆ ತುಂಬಾ ಕಮ್ಮಿ, ಮನೇಲಿ ಜಾಗಾನೂ ಕಮ್ಮಿ ಸಾಕು, ಕಲಾವಿದರ ಕೈ ನೇರವಾಗಿ ಕಾಣುತ್ತೆ. ಪ್ರಿಂಟ್ ಅಂದ ತಕ್ಷಣ ಫರ್ನಿಚರ್ ಅಂಗಡಿ ಪ್ರಿಂಟ್ ನೆನಪಾಗುತ್ತೆ, ಅದು ಬೇರೆ ಇದು ಬೇರೆ. ಎಚ್ಚಿಂಗ್ ಅಂದ್ರೆ ಸತು ಅಥವಾ ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜೀಲಿ ಗೀಚಿ, ಆಸಿಡ್‌ನಲ್ಲಿ ಅದ್ದಿದಾಗ ಗೀಚಿದ ಜಾಗ ಮಾತ್ರ ಕೊರೆಯುತ್ತೆ, ಆ ಗೆರೆಗಳಿಗೆ ಇಂಕು ತುಂಬಿ ಮಿಕ್ಕಿದ್ದನ್ನ ಒರೆಸಿ, ಒದ್ದೆ ಕಾಗದ ಇಟ್ಟು ಭಾರೀ ಪ್ರೆಸ್‌ನಲ್ಲಿ ಒತ್ತುತ್ತಾರೆ. ಒಂದೊಂದು ಪ್ರಿಂಟಿಗೂ ಇಂಕು ತುಂಬೋದು, ಒರೆಸೋದು, ಒತ್ತೋದು ಎಲ್ಲ ಮೊದಲಿಂದ. ವುಡ್‌ಕಟ್‌ನಲ್ಲಿ ಇದು ಉಲ್ಟಾ, ಮರದಲ್ಲಿ ಬೇಡದ್ದನ್ನ ಕೆತ್ತಿ ತೆಗೆದು, ಉಬ್ಬಿದ ಭಾಗಕ್ಕೆ ಇಂಕು ಹಚ್ಚೋದು. ಲಿಥೋಗ್ರಾಫ್ ಆದ್ರೆ ಕಲ್ಲಿನ ಮೇಲೆ ಎಣ್ಣೆ ಅಂಶದ ಬಣ್ಣದಲ್ಲಿ ಬರೆದು, ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋದನ್ನೇ ಬಳಸ್ಕೊಂಡು ಅಚ್ಚು ತೆಗೆಯೋದು.

ಇಂಥ ಪ್ರಿಂಟ್ ಕೈಗೆ ಬಂದ್ರೆ ನೋಡ್ಬೇಕಾದ್ದು ಇಷ್ಟು. ಕೆಳಗಿನ ಅಂಚಲ್ಲಿ ಪೆನ್ಸಿಲಲ್ಲಿ 7/15 ಅಂತ ಬರೆದಿರುತ್ತೆ, ಒಟ್ಟು ಹದಿನೈದು ತೆಗೆದಿದ್ದಾರೆ, ಇದು ಏಳನೇದು ಅಂತ. ಎ.ಪಿ. ಅಂತ ಇದ್ರೆ ಅದು ಕಲಾವಿದರು ತಮಗೆ ಅಂತ ಇಟ್ಕೊಂಡಿದ್ದ ಪ್ರತಿ. ಬಲಗಡೆ ಸಹಿ, ವರ್ಷ. ಒಟ್ಟು ಸಂಖ್ಯೆ ಕಮ್ಮಿ ಇದ್ದಷ್ಟೂ ಒಳ್ಳೇದು, ಆದ್ರೆ ಒಂದನೇ ನಂಬರೇ ಬೇಕು ಅಂತ ಹಠ ಬೇಡ. ಡ್ರೈಪಾಯಿಂಟ್‌ನಲ್ಲಿ, ಅಂದ್ರೆ ಆಸಿಡ್ ಇಲ್ಲದೆ ಸೂಜೀಲಿ ನೇರವಾಗಿ ತಗಡು ಗೀಚಿ ಮಾಡೋ ಪ್ರಿಂಟಲ್ಲಿ ಮಾತ್ರ ಶುರುವಿನ ಪ್ರತಿಗಳು ಚೆನ್ನಾಗಿರ್ತವೆ, ಯಾಕಂದ್ರೆ ತಗಡಿನ ಮೇಲೆ ಎದ್ದಿರೋ ಲೋಹದ ಅಂಚು ಪ್ರೆಸ್ ಒತ್ತಿ ಒತ್ತಿ ಸವೆದು ಗೆರೆಯ ಮೃದುತನ ಹೋಗ್ಬಿಡುತ್ತೆ. ಎಚ್ಚಿಂಗ್ ಆದ್ರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದಕ್ಕೆ ಒತ್ತಿದ ತಗ್ಗು ಕಣ್ಣಿಗೆ ಕಾಣುತ್ತೆ, ಕಾಗದಾನ ಬೆಳಕಿಗೆ ಓರೆಯಾಗಿ ಹಿಡಿದ್ರೆ ಸ್ಪಷ್ಟ. ಮುಟ್ಟಬೇಡಿ, ಕೈಯ ಜಿಡ್ಡು ವರ್ಷಗಳ ನಂತರ ಕಂದು ಕಲೆ ಆಗಿ ಮೇಲೆ ಬರುತ್ತೆ. ಒಂದು ಸಣ್ಣ ಭೂತಗನ್ನಡಿ ಜೇಬಲ್ಲಿರ್ಲಿ, ಬಣ್ಣ ಬಣ್ಣದ ಸಣ್ಣ ಚುಕ್ಕೆಗಳ ಸಾಲು ಕಂಡ್ರೆ ಅದು ಮೆಷಿನ್ ಪ್ರಿಂಟು. ಡಿಜಿಟಲ್ ಪ್ರಿಂಟ್ ಕೊಳ್ಳಲೇಬಾರದು ಅಂತಲ್ಲ, ಇವತ್ತಿನ ಫೋಟೋಗ್ರಫಿ ಹೆಚ್ಚಾಗಿ ಹಾಗೇ ಬರೋದು, ಆದ್ರೆ ಪೇಂಟಿಂಗ್‌ನ ಡಿಜಿಟಲ್ ನಕಲಿಗೆ ಎಚ್ಚಿಂಗ್ ಬೆಲೆ ಕೊಡಬೇಡಿ.

ಎಲ್ಲಿ ಸಿಗುತ್ತೆ? ಚಿತ್ರಸಂತೆ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸ್ಕೊಂಡು ಬಂದಿರೋ ಸಂತೆ, ಸಾಮಾನ್ಯವಾಗಿ ಜನವರಿ ಮೊದಲ ಭಾನುವಾರ, ಕುಮಾರಕೃಪಾ ರೋಡಿಗೆ ರೋಡೇ ಚಿತ್ರಗಳಿಂದ ತುಂಬಿರುತ್ತೆ, ಬೇರೆ ಬೇರೆ ರಾಜ್ಯದಿಂದ ಕಲಾವಿದರು ಬಂದು ಫುಟ್‌ಪಾತಲ್ಲಿ ಹರಡಿ ಕೂತಿರ್ತಾರೆ, ಮಧ್ಯೆ ಏಜೆಂಟ್ ಕಮಿಷನ್ ಯಾವುದೂ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಹನ್ನೊಂದು ದಾಟಿದ್ರೆ ಜನಜಂಗುಳೀಲಿ ನಿಲ್ಲೋಕೇ ಆಗಲ್ಲ. ಬುದ್ಧ, ಗಣಪತಿ, ಕುದುರೆ, ಚಾಕುವಿನಲ್ಲಿ ಬಳಿದ ಛತ್ರಿ ಹಿಡಿದ ಜೋಡಿ, ಇವೆಲ್ಲ ಒಂದೇ ಅಚ್ಚಿನಲ್ಲಿ ಸಾಲಾಗಿ ಸಿಗ್ತವೆ, ಮುಂದೆ ನಡೀರಿ. ಬೋರ್ಡಿನ ಹಿಂದೆ ಫೈಲಲ್ಲಿ ಕಾಗದದ ಕೆಲಸ ಇಟ್ಕೊಂಡು ಕೂತಿರೋ ವಿದ್ಯಾರ್ಥಿಗಳನ್ನ ಹುಡುಕಿ, ಫೈಲ್ ಬಿಡಿಸಿ ತೋರ್ಸಿ ಅನ್ನಿ. ಕೆಲವು ಸಾವಿರ ರೂಪಾಯಿ ಒಳಗೇ ಒಳ್ಳೇ ಎಚ್ಚಿಂಗ್, ವುಡ್‌ಕಟ್ ಸಿಗೋದು ಅಲ್ಲೇ. ಹೆಸರು, ಫೋನ್ ನಂಬರ್ ತಗೊಂಡು ಬನ್ನಿ, ಅವತ್ತು ಕೊಳ್ಳದಿದ್ರೂ ಪರವಾಗಿಲ್ಲ, ಎರಡು ವರ್ಷ ಅವರ ಕೆಲಸ ಹೇಗೆ ಬೆಳೀತಿದೆ ಅಂತ ನೋಡಿ ಆಮೇಲೆ ಕೊಳ್ಳೋದು ಇನ್ನೂ ಚೆಂದ.

ಬೆಂಗಳೂರಾಚೆ ಇರೋರಿಗೆ ಕಲಾ ಶಾಲೆಗಳೇ ದಾರಿ. ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ದಾವಣಗೆರೆ ದೃಶ್ಯಕಲಾ ಕಾಲೇಜು, ಧಾರವಾಡ, ಕಲಬುರಗಿ ಕಡೆಯ ಕಾಲೇಜುಗಳಲ್ಲಿ ವರ್ಷದ ಕೊನೆಗೆ ಫೈನಲ್ ಇಯರ್‌ನೋರ ಡಿಸ್‌ಪ್ಲೇ ಇರುತ್ತೆ, ಯಾರು ಬೇಕಾದ್ರೂ ಹೋಗ್ಬಹುದು. 2008ರಲ್ಲಿ ಬ್ರಿಟನ್ನಿನ ಆರ್ಟೆಸ್ ಮುಂಡಿ ಬಹುಮಾನ ಪಡೆದ ಎನ್.ಎಸ್. ಹರ್ಷ ಮೈಸೂರಿನೋರು, ಇವತ್ತಿಗೂ ಅಲ್ಲಿದ್ದೇ ಕೆಲಸ ಮಾಡೋರು, ಊಟದ ಪಂಕ್ತೀಲಿ ಕೂತ ಹಾಗೆ ನೂರಾರು ಜನ ಸಾಲಾಗಿ ಕೂತಿರೋ ಅವರ ಕ್ಯಾನ್ವಾಸ್‌ಗಳು ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿ ತೂಗಿವೆ. ಶಿಲ್ಪಿ ಎಲ್.ಎನ್. ತಲ್ಲೂರು ಕುಂದಾಪುರದ ಕಡೆಯೋರು. ಅಂದ್ರೆ ಒಳ್ಳೇ ಕೆಲಸ ಹುಡುಕೋಕೆ ಡೆಲ್ಲಿ, ಮುಂಬೈಗೇ ಹೋಗ್ಬೇಕು ಅಂತೇನಿಲ್ಲ.

ಬೆಲೆ ವಿಷಯ. ಒಬ್ಬರೇ ಕಲಾವಿದರ ಕೆಲಸದಲ್ಲಿ ಸಾಮಾನ್ಯವಾಗಿ ಅಳತೆ ಮೇಲೆ ಬೆಲೆ ನಿಲ್ಲುತ್ತೆ, ದೊಡ್ಡದಕ್ಕೆ ಜಾಸ್ತಿ. ಅವರು ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದಾರೆ, ಎಲ್ಲೆಲ್ಲಿ ತೋರಿಸಿದ್ದಾರೆ ಅನ್ನೋದೂ ಸೇರುತ್ತೆ. ಗ್ಯಾಲರಿ ಮೂಲಕ ಆದ್ರೆ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಗ್ಯಾಲರಿಗೆ ಹೋಗುತ್ತೆ, ಅದರಲ್ಲೇ ಜಾಗ, ಕ್ಯಾಟಲಾಗ್, ಪ್ರಚಾರ ಎಲ್ಲ ನಡೀಬೇಕು. ಪ್ರದರ್ಶನ ನೋಡಿ ಆಮೇಲೆ ಗ್ಯಾಲರಿಗೆ ಗೊತ್ತಾಗದ ಹಾಗೆ ಕಲಾವಿದರ ಮನೆಗೆ ಹೋಗಿ ಕಮ್ಮಿಗೆ ಕೇಳೋದು ದಯವಿಟ್ಟು ಮಾಡ್ಬೇಡಿ, ಸಿಕ್ಕಿಬಿದ್ರೆ ನಷ್ಟ ಆಗೋದು ಕಲಾವಿದರಿಗೆ. ಚೌಕಾಸಿಗಿಂತ ಕಂತಲ್ಲಿ ಕೊಡ್ಲಾ ಅಂತ ಕೇಳಿ, ಮೂರು ನಾಲ್ಕು ತಿಂಗಳಲ್ಲಿ ಕೊಡೋದಕ್ಕೆ ತುಂಬಾ ಗ್ಯಾಲರಿ ಒಪ್ತಾರೆ. ಹೇಳಿದ ಬೆಲೇಲಿ ಜಿಎಸ್‌ಟಿ, ಫ್ರೇಮು, ಸಾಗಣೆ ಸೇರಿದ್ಯಾ ಅಂತ ಮೊದಲೇ ಕೇಳ್ಕೊಳ್ಳಿ. ವಿದ್ಯಾರ್ಥಿಗಳ ಹತ್ರ ಮಾತ್ರ ಚೌಕಾಸಿ ಬೇಡವೇ ಬೇಡ, ಆ ದುಡ್ಡು ನೇರವಾಗಿ ಮುಂದಿನ ತಗಡು, ಇಂಕು, ಕಾಗದಕ್ಕೆ ಹೋಗುತ್ತೆ.

ಇನ್ನು ಲಾಭದ ಲೆಕ್ಕ. ಹತ್ತು ವರ್ಷಕ್ಕೆ ಹತ್ತು ಪಟ್ಟು ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಹೆಚ್ಚಿನ ಕಲಾಕೃತಿಗಳನ್ನ ವಾಪಸ್ ಮಾರೋದೇ ಕಷ್ಟ.

ದಾಖಲೆ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿರಿ. ಬಿಲ್ಲು, ಅದರಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಜೊತೆಗೆ ಕಲಾವಿದರ ಸಹಿ ಇರೋ ಸರ್ಟಿಫಿಕೇಟು. ಬದುಕಿರೋ ಕಲಾವಿದರ ಹತ್ರ ಕೊಳ್ಳೋದ್ರಲ್ಲಿ ಇರೋ ದೊಡ್ಡ ಅನುಕೂಲ ಇದೇ, ಅವರೇ ಬರೆದು ಕೊಡ್ತಾರೆ, ಕೆಲಸ ಕೈಯಲ್ಲಿ ಹಿಡಿದಿರೋ ಒಂದು ಫೋಟೋನೂ ತಗೊಳ್ಳಿ. ತೀರಿಕೊಂಡ ದೊಡ್ಡ ಹೆಸರಿನೋರ ಕೆಲಸ ಕಮ್ಮಿಗೆ ಸಿಗ್ತಿದೆ ಅಂತ ವಾಟ್ಸಾಪಲ್ಲಿ ಫೋಟೋ ಬಂದ್ರೆ ದೂರ ಇರಿ, ಚಿತ್ರ ನಕಲಿ ಮಾಡೋರಿಗೆ ಸರ್ಟಿಫಿಕೇಟ್ ನಕಲಿ ಮಾಡೋದು ಇನ್ನೂ ಸುಲಭ. ಅದು ಯಾರಿಂದ ಯಾರಿಗೆ ಬಂತು, ಯಾವ ಪ್ರದರ್ಶನದಲ್ಲಿತ್ತು ಅನ್ನೋ ಸರಪಳಿ ಪೂರ್ತಿ ಸಿಗಬೇಕು. ವಿದೇಶದಲ್ಲಿರೋ ಕನ್ನಡಿಗರಿಗೆ ಒಂದು ಮಾತು, ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ನಿಕೊಲಸ್ ರೋರಿಕ್ ಸೇರಿ ಒಂಬತ್ತು ಕಲಾವಿದರ ಕೆಲಸ 1972ರ ಕಾಯ್ದೆ ಪ್ರಕಾರ ರಾಷ್ಟ್ರದ ಕಲಾ ಸಂಪತ್ತು, ದೇಶದಿಂದ ಆಚೆ ಒಯ್ಯೋ ಹಾಗಿಲ್ಲ. ಇವತ್ತಿನ ಕಲಾವಿದರದ್ದಕ್ಕೆ ಆ ತೊಂದರೆ ಇಲ್ಲ, ಬಿಲ್ಲು ಜೊತೇಲಿ ಇಟ್ಕೊಳ್ಳಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಚಿತ್ರ ಕೊಂಡ್ರೆ ಚಿತ್ರ ನಿಮ್ಮದು, ಕಾಪಿರೈಟ್ ಕಲಾವಿದರದ್ದೇ. ಕ್ಯಾಲೆಂಡರ್, ಟೀ ಶರ್ಟ್, ಅಂಗಡಿ ಬೋರ್ಡಿಗೆ ಹಾಕ್ಬೇಕು ಅಂದ್ರೆ ಕೇಳಲೇಬೇಕು. ಮೂಲ ಕೃತಿ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟ ಆದ್ರೆ ಅದರಲ್ಲಿ ಕಲಾವಿದರಿಗೆ ಪಾಲು ಕೊಡಬೇಕು ಅಂತ ನಮ್ಮ ಕಾಪಿರೈಟ್ ಕಾಯ್ದೇಲೇ ಇದೆ, ಆ ಪಾಲು ಶೇಕಡಾ 10 ಮೀರಲ್ಲ, ಪಾಲಿಸೋರು ಕಮ್ಮಿ, ನೀವಾದ್ರೂ ಪಾಲಿಸಿ. ಕೆಲಸಾನ ಹಾಳು ಮಾಡೋ ಹಾಗೂ ಇಲ್ಲ. ಡೆಲ್ಲಿಯ ವಿಜ್ಞಾನ ಭವನದಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪಾನ 1979ರಲ್ಲಿ ಕಿತ್ತು ಗೋಡೌನಿಗೆ ಹಾಕಿದ್ರು, ಅವರು ಕೋರ್ಟಿಗೆ ಹೋದ್ರು, 2005ರಲ್ಲಿ ಡೆಲ್ಲಿ ಹೈಕೋರ್ಟ್ ಶಿಲ್ಪ ಅವರಿಗೆ ವಾಪಸ್ ಕೊಡಿ, ಐದು ಲಕ್ಷ ಪರಿಹಾರನೂ ಕೊಡಿ ಅಂತ ಸರ್ಕಾರಕ್ಕೇ ಹೇಳ್ತು.

ಮನೆಗೆ ತಂದ ಮೇಲೆ ಕಟ್ಟು ಹಾಕ್ಸೋದ್ರಲ್ಲೇ ಅರ್ಧ ಆಯಸ್ಸು ನಿರ್ಧಾರ ಆಗುತ್ತೆ. ದೇವರ ಫೋಟೋಗೆ ಕಟ್ಟು ಹಾಕೋ ಅಂಗಡೀಲಿ ಕೊಟ್ರೆ ಗೋಂದು ಹಚ್ಚಿ ಹಾರ್ಡ್‌ಬೋರ್ಡಿಗೆ ಅಂಟಿಸಿ, ಗಾಜು ಕಾಗದಕ್ಕೆ ತಾಗೋ ಹಾಗೆ ಮುಚ್ಚಿಬಿಡ್ತಾರೆ. ಹಾಗಾದ್ರೆ ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತೆ, ಹಾರ್ಡ್‌ಬೋರ್ಡಿನ ಆಮ್ಲ ಕಾಗದಾನ ಹಳದಿ ಮಾಡುತ್ತೆ. ನೀವೇ ನಿಂತು ಹೇಳಿ ಮಾಡಿಸ್ಕೊಳ್ಳಿ. ಆಸಿಡ್ ಫ್ರೀ ಮೌಂಟ್ ಬೋರ್ಡು (ಆಮ್ಲ ಇಲ್ಲದ ದಪ್ಪ ರಟ್ಟು) ಮುಂದೆ ಹಿಂದೆ ಎರಡೂ ಕಡೆ ಬೇಕು, ಕಾಗದಾನ ಮೇಲಿನ ಅಂಚಲ್ಲಿ ಸಣ್ಣ ಹಿಂಜ್‌ನಿಂದ (ತೆಳು ಕಾಗದದ ಪಟ್ಟಿ) ಮಾತ್ರ ಹಿಡಿಸ್ಬೇಕು, ಸೆಲ್ಲೋಟೇಪ್ ಹತ್ತಿರಕ್ಕೂ ಬರಬಾರದು, ಗಾಜಿಗೂ ಕಾಗದಕ್ಕೂ ಮಧ್ಯೆ ಮೌಂಟ್‌ನಷ್ಟು ಜಾಗ ಇರ್ಬೇಕು. ಪ್ರಿಂಟಿನ ಅಂಚು, ಪೆನ್ಸಿಲ್ ನಂಬರ್, ಸಹಿ ಯಾವುದನ್ನೂ ಕತ್ತರಿಸೋಕೆ ಬಿಡಬೇಡಿ. ಬಿಸಿಲು ನೇರ ಬೀಳೋ ಗೋಡೆ, ಬಾತ್‌ರೂಮ್ ಹಿಂದಿನ ಗೋಡೆ, ಒಲೆ ಪಕ್ಕದ ಗೋಡೆ ಬೇಡ. ಮಂಗಳೂರು, ಉಡುಪಿ, ಮಲೆನಾಡಿನೋರು ಫ್ರೇಮಿನ ಹಿಂದಿನ ಮೂಲೆಗಳಿಗೆ ಸಣ್ಣ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿ ಆಡ್ಲಿ, ಮಳೆಗಾಲ ಮುಗಿದ ಮೇಲೆ ಒಂದ್ಸಲ ಇಳಿಸಿ ಹಿಂಭಾಗ ನೋಡಿ, ಗೆದ್ದಲು, ಸಿಲ್ವರ್ ಫಿಶ್ ಎರಡೂ ಹಿಂದಿನಿಂದಲೇ ಬರೋದು. ಕ್ಯಾನ್ವಾಸ್ ಆದ್ರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣಗಿದ ಮೃದು ಬ್ರಶ್ಶಲ್ಲಿ ಧೂಳು ತೆಗೆದ್ರೆ ಸಾಕು.

ಚಿತ್ರಗಳ ಜೊತೆಗೇ ಕ್ಯಾಟಲಾಗು, ಆಹ್ವಾನ ಪತ್ರಿಕೆ, ಪೋಸ್ಟರ್ ಎತ್ತಿಡಿ. ಇವು ಪುಕ್ಕಟೆ ಸಿಗ್ತವೆ, ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ಎಲ್ಲೂ ಸಿಗಲ್ಲ, ನಮ್ಮಲ್ಲಿ ಕನ್ನಡದ ಕಲಾ ಇತಿಹಾಸ ಬರೆಯೋರಿಗೆ ಸರಿಯಾದ ದಾಖಲೆ ಸಿಗದೆ ಒದ್ದಾಡೋದು ಇದಕ್ಕೇ. ಒಂದು ನೋಟ್‌ಬುಕ್ಕಲ್ಲಿ ಪ್ರತಿ ಕೃತಿಗೂ ಒಂದು ಪುಟ ಇಟ್ಟು, ಯಾವಾಗ ಯಾರಿಂದ ಎಷ್ಟಕ್ಕೆ ಕೊಂಡಿದ್ದು, ಕಲಾವಿದರು ಏನು ಹೇಳಿದ್ರು ಅಂತ ಬರೆದಿಡಿ, ಮುಂದೆ ಹಿಂದೆ ಫೋಟೋ ತೆಗೆದಿಡಿ. ಮುಂದೆ ಯಾವತ್ತೋ ಕಲಾವಿದರೋ ಮ್ಯೂಸಿಯಮ್ಮೋ ಪ್ರದರ್ಶನಕ್ಕೆ ಆ ಕೆಲಸ ಕೊಡ್ತೀರಾ ಅಂತ ಕೇಳಿದ್ರೆ ಇಲ್ಲ ಅನ್ನಬೇಡಿ. ಕೊಡೋ ಮುಂಚೆ ಈಗಿರೋ ಸ್ಥಿತೀನ ಫೋಟೋ ಸಮೇತ ಬರೆದು ಎರಡೂ ಕಡೆಯೋರು ಸಹಿ ಹಾಕಿ, ವಾಪಸ್ ಬರೋ ತಾರೀಕು, ಇನ್ಶೂರೆನ್ಸ್ ಯಾರದ್ದು, ಸಾಗಣೆ ಯಾರದ್ದು ಅಂತ ಕಾಗದದಲ್ಲಿ ಇರ್ಲಿ, ಚೀಟೀಲಿ ನಿಮ್ಮ ಹೆಸರು ಬೇಕೋ ಬೇಡವೋ ಅಂತ ಮೊದಲೇ ಹೇಳಿಬಿಡಿ.